ಧರೆ ಜಾರುವ ಮೊದಲೇ ಮನೆ ಬಿಡುವುದು ಹೇಗೆ? ಮಳೆಗಾಲದ ತುರ್ತು ಯೋಜನೆ, ಹಂತ ಹಂತವಾಗಿ

ಪ್ರತಿ ಮೇ ತಿಂಗಳಲ್ಲೂ ನಮ್ಮ ಮಲೆನಾಡಿನ ಕಡೆ ಒಂದಷ್ಟು ಮನೆಗಳಲ್ಲಿ ತುರ್ತು ಚೀಲ ರೆಡಿಯಾಗುತ್ತದೆ. ಟಾರ್ಚು, ಬಿಸ್ಕತ್ತು, ಆಧಾರ್ ಜೆರಾಕ್ಸ್ ಎಲ್ಲ ಇರುತ್ತದೆ. ಜುಲೈಯಲ್ಲಿ ಮಳೆ ಹಿಡಿದು ಹಿತ್ತಲ ಧರೆ, ಅಂದರೆ ಮನೆಯ ಹಿಂದೆ ಕಡಿದಾಗಿ ನಿಂತ ಮಣ್ಣಿನ ದಿಬ್ಬ, ಜಾರಲು ಶುರುವಾದಾಗ ಆ ಚೀಲ ಗೂಟದಲ್ಲೇ ನೇತಾಡುತ್ತಿರುತ್ತದೆ. ಮನೆಮಂದಿ ಜಗಲಿಯಲ್ಲಿ ನಿಂತು "ಇನ್ನೊಂದು ಗಂಟೆ ನೋಡೋಣ" ಅನ್ನುತ್ತಿರುತ್ತಾರೆ. ನಮ್ಮ ಮನೆಯಲ್ಲೂ ಇದೇ ಆಯಿತು. 2019ರ ಆಗಸ್ಟ್‌ನಲ್ಲಿ ಕೊಟ್ಟಿಗೆಯ ಹಿಂಗೋಡೆಗೆ ಮಣ್ಣು ಬಂದು ಒರಗಿದ ಮೇಲೆ ಹೊರಟೆವು. ರಾತ್ರಿ ಹನ್ನೊಂದೂವರೆ. ಚೀಲ ಮನೆಯಲ್ಲೇ ಉಳಿಯಿತು.

ನಾವು ಎಡವುವುದು ಕ್ರಮದಲ್ಲಿ. ಚೀಲದಿಂದ ಶುರು ಮಾಡುತ್ತೇವೆ, ಯಾವಾಗ ಹೊರಡುವುದು ಎಂಬುದನ್ನು ಆ ಹೊತ್ತಿಗೆ ಬಿಡುತ್ತೇವೆ. ಇಲ್ಲಿ ಅದನ್ನು ತಿರುಗಿಸಿ ಬರೆದಿದ್ದೇನೆ. ಚೀಲ ಆರನೇ ಹಂತದಲ್ಲಿ ಬರುತ್ತದೆ. ಗುಡ್ಡದ ಬುಡದಲ್ಲಿ, ಕಡಿದ ಧರೆಯ ಕೆಳಗೆ ಅಥವಾ ಹಳ್ಳದ ದಂಡೆಯಲ್ಲಿ ಮನೆ ಇರುವವರು ಮೃಗಶಿರಾ ಮಳೆ ಶುರುವಾಗುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ, ಇಷ್ಟೂ ಮುಗಿಸಿಕೊಳ್ಳಿ.

## ಮೊದಲೇ ತಂದಿಡಬೇಕಾದ್ದು

ಒಂದು ನೋಟ್‌ಬುಕ್ಕು, ಪೆನ್ಸಿಲ್, ಅಳತೆ ಟೇಪು. ನೇರ ಮೈಯ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ನಾಲ್ಕು ಗೂಟ, ನಾಲ್ಕು ಮೊಳೆ. ಕೆಂಪು ಪೇಂಟಿನ ಸಣ್ಣ ಡಬ್ಬ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಸೀಟಿ, ಕನಿಷ್ಠ ಎರಡು ಟಾರ್ಚು. ಒಂದು ಟಾರ್ಚು ಸೆಲ್ ಹಾಕುವಂಥದ್ದೇ ಇರಲಿ. ಮೂರು ದಿನ ಕರೆಂಟ್ ಇಲ್ಲದಿದ್ದರೆ ಚಾರ್ಜ್ ಮಾಡುವ ಟಾರ್ಚು ಬರೀ ಡಬ್ಬ.

## ಹಂತ 1: ಮನೆಯ ಸುತ್ತ ಒಂದು ಸುತ್ತು

ಬಿಸಿಲಿರುವಾಗ ಮನೆಯ ಹಿಂದಿನ ಧರೆ ಹತ್ತಿ ಮೇಲೆ ಹೋಗಿ. ಎಷ್ಟೋ ಜನ ತಮ್ಮ ಮನೆಯ ಮೇಲಿನ ಗುಡ್ಡವನ್ನು ವರ್ಷಗಟ್ಟಲೆ ನೋಡಿರುವುದೇ ಇಲ್ಲ. ಅಲ್ಲಿ ನೋಡಬೇಕಾದ್ದು ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಇಂಗುಗುಂಡಿ, ಹಳೆಯ ಅಗಳು (ಕಂದಕ), ಜೆಸಿಬಿ ಹೊಸದಾಗಿ ಸಮ ಮಾಡಿದ ಜಾಗ, ತೋಟದ ರಸ್ತೆ. ಇಂಗುಗುಂಡಿ ಸಪಾಟು ಜಾಗದಲ್ಲಿ ಒಳ್ಳೆಯದೇ. ಕಡಿದಾದ ಇಳಿಜಾರಿನಲ್ಲಿ, ಅದೂ ಮನೆಯ ನೇರ ಮೇಲೆ, ಅದು ಧರೆಯ ಹೊಟ್ಟೆಗೆ ನೀರು ಕುಡಿಸುತ್ತದೆ. ಅದನ್ನು ಮುಚ್ಚಿ, ನೀರು ಬದಿಗೆ ಹರಿಯುವ ಹಾಗೆ ಬಸಿಗಾಲುವೆ ತೆಗೆಸಿ.

ನೆಲದಲ್ಲಿ ಬಿರುಕು ಕಂಡರೆ ಸುಮ್ನೆ ನೋಡಿ ಬರಬೇಡಿ. ಬಿರುಕಿನ ಆಚೆ ಒಂದು, ಈಚೆ ಒಂದು ಗೂಟ ಹೊಡೆದು, ಎರಡರ ತಲೆಗೂ ಮೊಳೆ ಬಡಿಯಿರಿ. ಮೊಳೆಯಿಂದ ಮೊಳೆಗೆ ಅಳೆದು ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆಯಿರಿ. ನಾನು ಹೊಡೆದ ಪೇರಲೆ ಗೂಟಗಳ ನಡುವೆ ಮೇ ತಿಂಗಳಲ್ಲಿ 61 ಸೆಂಟಿಮೀಟರ್ ಇತ್ತು. ಜುಲೈ ನಡುವಿನ ಹೊತ್ತಿಗೆ 63 ಆಯಿತು. ಎರಡೇ ಸೆಂಟಿಮೀಟರ್ ಅಂತ ಅನಿಸಬಹುದು. ಆದರೆ ನೆಲ ಜಾಗ ಬಿಡುತ್ತಿದೆ ಎನ್ನಲು ಅಷ್ಟು ಸಾಕು. ಗೋಡೆಯ ಬಿರುಕಿಗೂ ಇದೇ ಉಪಾಯ: ಬಿರುಕಿನ ತುದಿಗೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ತಾರೀಖು ಹಾಕಿ. ಗೆರೆ ದಾಟಿ ಬಿರುಕು ಮುಂದೆ ಹೋಯಿತೋ ಇಲ್ಲವೋ ಗೊತ್ತಾಗುತ್ತದೆ.

ಒಣ ದಿನಗಳಲ್ಲೇ ಬಿರುಕಿಗೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದಿಸಿ. ಹಾಗೆಯೇ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಟಾರ್ಪಾಲು ಹೊದಿಸಿದ ಮಾತ್ರಕ್ಕೆ ಧರೆ ಗಟ್ಟಿಯಾಯಿತು ಅಂದುಕೊಳ್ಳಬೇಡಿ. ಅದು ನೀರು ಇಳಿಯದಂತೆ ತಡೆಯುತ್ತದೆ, ಅಷ್ಟೇ.

## ಹಂತ 2: ಮಳೆಯನ್ನು ಮನೆಯಲ್ಲೇ ಅಳೆಯಿರಿ

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಬರುವುದು ಸಾಮಾನ್ಯವಾಗಿ ಇಡೀ ಜಿಲ್ಲೆಗೆ. ಘಟ್ಟದ ನೆತ್ತಿಯಲ್ಲಿ ಸುರಿದಷ್ಟು ಮಳೆ ಅದೇ ಜಿಲ್ಲೆಯ ಬಯಲಿನಲ್ಲಿ ಸುರಿಯುವುದಿಲ್ಲ. ಅದಕ್ಕೇ ನಿಮ್ಮ ಅಂಗಳದ ಲೆಕ್ಕ ಬೇಕು.

ಕಾಫಿ ತೋಟದವರ ಮನೆಯಲ್ಲಿ ಮಳೆಮಾಪಕ ಇದ್ದೇ ಇರುತ್ತದೆ. ಇಲ್ಲದವರು ಬಾಟಲಿಯ ತಲೆ ಕತ್ತರಿಸಿ, ಆ ತಲೆಯನ್ನೇ ಆಲಿಕೆಯಂತೆ ಬೋರಲು ಕೂರಿಸಿ. ತಳದ ಡೊಂಕು ಭಾಗಕ್ಕೆ ಸಣ್ಣ ಕಲ್ಲು ತುಂಬಿ, ನೇರ ಮೈ ಶುರುವಾಗುವ ತನಕ ನೀರು ಹಾಕಿ, ಅಲ್ಲಿಗೆ ಸೊನ್ನೆ ಗೆರೆ ಎಳೆಯಿರಿ. ಮೇಲಕ್ಕೆ ಮಿಲಿಮೀಟರ್ ಗುರುತು ಹಾಕಿ. ಮರದ ಕೆಳಗೆ, ಮಾಡಿನ ಹನಿ ಬೀಳುವಲ್ಲಿ ಇಡಬೇಡಿ. ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ. ಇಲಾಖೆಯ ಲೆಕ್ಕವೂ ಎಂಟೂವರೆಯಿಂದ ಎಂಟೂವರೆಗೆ. ಜೋರು ಮಳೆಯ ದಿನ ಆರು ಗಂಟೆಗೊಮ್ಮೆ ನೋಡಿ ಚೆಲ್ಲಿ, ಮತ್ತೆ ಸೊನ್ನೆ ಗೆರೆಯ ತನಕ ನೀರು ಹಾಕಿಡಿ. ಬಾಟಲಿ ತುಂಬಿ ಹರಿದರೆ ಲೆಕ್ಕವೂ ಹರಿದುಹೋಯಿತು.

ಇಲಾಖೆಯ ಭಾಷೆಯಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ನಮ್ಮವರಿಗೆ ಇಂಚಿನ ಲೆಕ್ಕವೇ ನಾಲಿಗೆ ಮೇಲಿರುವುದು, ಹಾಗಾಗಿ ಸುಮಾರಾಗಿ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು ಅಂತ ನೆನಪಿಟ್ಟುಕೊಳ್ಳಿ.

ಒಂದು ದಿನದ ಅಂಕಿ ನೋಡಿ ಸಮಾಧಾನ ಪಟ್ಟುಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು. ಒಂದು ವಾರ ಬಿಡದೆ ಸುರಿದು ನೆನೆದ ಗುಡ್ಡಕ್ಕೆ ಎಂಟನೇ ದಿನದ ಮೂರು ಇಂಚೇ ಸಾಕಾಗಬಹುದು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಇರಲಿ: ಇವತ್ತಿನದು, ಕಳೆದ ಮೂರು ದಿನದ್ದು, ಕಳೆದ ಏಳು ದಿನದ್ದು.

## ಹಂತ 3: ಹೊರಡುವ ಗೆರೆ ಎಳೆಯಿರಿ

ಇಡೀ ಯೋಜನೆಯಲ್ಲಿ ಜನ ಬಿಟ್ಟುಬಿಡುವ ಹಂತ ಇದೇ. ಹಾಗಾಗಿ ಇಲ್ಲಿ ನಿಧಾನಿಸಿ.

ಹೊರಡುವ ಗೆರೆ ಅಂದರೆ, ಇದು ಆದರೆ ನಾವು ಹೊರಡುತ್ತೇವೆ, ಮತ್ತೆ ಚರ್ಚೆ ಇಲ್ಲ ಅಂತ ಬಿಸಿಲಿನ ದಿನ ಮನೆಮಂದಿಯೆಲ್ಲ ಕೂತು ಒಪ್ಪಿಕೊಂಡ ಮಾತು. ಅದನ್ನು ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಬೇಕು. ಅದರಲ್ಲಿ ಮೂರು ಬಗೆಯ ಗೆರೆ ಇರಲಿ.

ಮಳೆಯ ಗೆರೆ. ಎಲ್ಲ ಗುಡ್ಡಕ್ಕೂ ಒಪ್ಪುವ ಒಂದು ಅಂಕಿ ಇಲ್ಲ. ಹಿಂದೆ ನಿಮ್ಮಲ್ಲಿ ಅಥವಾ ಪಕ್ಕದ ತೋಟದಲ್ಲಿ ಧರೆ ಜಾರಿದ ವರ್ಷ ಎಷ್ಟು ಮಳೆ ಬಿದ್ದಿತ್ತು ಅಂತ ಹಳೆಯ ಡೈರಿ ಇಟ್ಟಿರುವ ಯಾರನ್ನಾದರೂ ಕೇಳಿ. ಅದಕ್ಕಿಂತ ಸಾಕಷ್ಟು ಕೆಳಗೆ ನಿಮ್ಮ ಗೆರೆ ಎಳೆಯಿರಿ. ನಮ್ಮ ಮನೆಯದು ಒಂದು ದಿನಕ್ಕೆ ಆರು ಇಂಚು ಅಥವಾ ಮೂರು ದಿನಕ್ಕೆ ಹನ್ನೆರಡು ಇಂಚು. ಇದು ನಮ್ಮ ಧರೆಯ ಲೆಕ್ಕ, ನಿಮ್ಮದಕ್ಕೆ ನಕಲು ಹೊಡೆಯಬೇಡಿ.

ನೀರಿನ ಗೆರೆ. ಹಳ್ಳದ ಪಕ್ಕ ಇರುವವರು ಕಾಲುಸಂಕದ (ಕಾಲುಸೇತುವೆಯ) ಕಂಬಕ್ಕೋ ದೊಡ್ಡ ಬಂಡೆಗೋ ಕೆಂಪು ಗುರುತು ಹಾಕಿ. ನೀರು ಅಲ್ಲಿಗೆ ಮುಟ್ಟಿದರೆ ಹೊರಡುವುದು. ಗುರುತು ಹಾಕುವಾಗ ಒಂದು ಲೆಕ್ಕ ಇರಲಿ: ನೀರು ಅಲ್ಲಿಗೆ ಬಂದಾಗಲೂ ನೀವು ಹೋಗಬೇಕಾದ ದಾರಿ ಒಣಗಿರಬೇಕು. ದಾರಿ ಮುಳುಗುವ ಮಟ್ಟಕ್ಕೆ ಗುರುತು ಹಾಕಿ ಸಿಕ್ಕಿಬಿದ್ದವರಿದ್ದಾರೆ.

ಲಕ್ಷಣದ ಗೆರೆ. ಇದಕ್ಕೆ ಅಳತೆ ಇಲ್ಲ. ಕೆಳಗಿನವುಗಳಲ್ಲಿ ಒಂದು ಕಂಡರೂ ಕೂಡಲೇ ಹೊರಡಿ.

- ಇಲ್ಲಿಯ ತನಕ ಒಣಗಿದ್ದ ಜಾಗದಲ್ಲಿ, ಕೆಲವೊಮ್ಮೆ ಅಡುಗೆಮನೆಯ ನೆಲದಲ್ಲೇ, ಒರತೆ ಏಳುವುದು
- ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪು ರಾಡಿಯಾಗುವುದು
- ಮಳೆ ಹೊಡೆಯುತ್ತಿದ್ದರೂ ಹಳ್ಳದ ನೀರು ಹಠಾತ್ತನೆ ಕಡಿಮೆಯಾಗುವುದು
- ಮರ, ವಿದ್ಯುತ್ ಕಂಬ, ಬೇಲಿ ವಾಲುವುದು
- ನಿನ್ನೆ ಸರಾಗ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು
- ಗೋಡೆಯಲ್ಲಿ, ಅಂಗಳದಲ್ಲಿ ಹೊಸ ಬಿರುಕು
- ಗುಡ್ಡದೊಳಗಿಂದ ಗುಡುಗಿನಂಥ ಸದ್ದು, ಬೇರು ಹರಿಯುವ, ಕಲ್ಲು ತಿಕ್ಕುವ ಸದ್ದು

ಇದರಲ್ಲಿ ಜನ ಮೋಸ ಹೋಗುವುದು ಹಳ್ಳದ ವಿಷಯದಲ್ಲಿ. ನೀರು ಇಳಿಯಿತು ಅಂತ ಖುಷಿಪಡುತ್ತಾರೆ. ಮೇಲೆಲ್ಲೋ ಮಣ್ಣು, ಮರ ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು. ಆ ಕಟ್ಟೆ ಒಡೆದರೆ ಬರುವುದು ಬರೀ ನೀರಲ್ಲ, ಬಂಡೆಯೂ ಜೊತೆಗೆ ಬರುತ್ತದೆ.

ಈ ಗೆರೆಗಳಿಗೆ ಎರಡು ನಿಯಮ ಸೇರಿಸಿ. ಒಂದು, ಯಾರಾದರೂ ಒಬ್ಬರು ಹೊರಡೋಣ ಅಂದರೆ ಸಾಕು, ಎಲ್ಲರೂ ಹೊರಡಬೇಕು. ಹತ್ತು ವರ್ಷದ ಹುಡುಗಿ ಹೇಳಿದರೂ ಸರಿ. ನಮ್ಮಲ್ಲಿ ಮಾವನ ಮಾತೇ ಕೊನೆಯದು ಆಗಿತ್ತು, ಮಾವನಿಗೆ ಮನೆ ಬಿಡುವ ಮನಸ್ಸಿರಲಿಲ್ಲ. ಎರಡನೆಯದು, ರಾತ್ರಿ ಎಲ್ಲಿ ಮಲಗುವುದು ಎಂಬುದನ್ನು ಸಂಜೆ ನಾಲ್ಕಕ್ಕೇ ತೀರ್ಮಾನಿಸಬೇಕು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಇಳಿದದ್ದು ನಡುರಾತ್ರಿ ಕಳೆದ ಮೇಲೆ, ಜನ ನಿದ್ದೆಯಲ್ಲಿದ್ದಾಗ. ಕತ್ತಲಲ್ಲಿ ಲಕ್ಷಣ ಕಾಣುವುದಿಲ್ಲ, ಮಳೆಯ ಸದ್ದಿನಲ್ಲಿ ಗುಡ್ಡದ ಸದ್ದು ಕೇಳುವುದಿಲ್ಲ. ಗೆರೆಯ ಹತ್ತಿರ ಬಂದಿದೆ ಅನಿಸಿದರೆ ಹಗಲು ಮನೆಯಲ್ಲಿದ್ದು ಕೆಲಸ ಮಾಡಿ, ರಾತ್ರಿ ಬೇರೆ ಕಡೆ ಮಲಗಿ.

ನಾಲ್ಕು ಸಲ ಹೊರಟು ನಾಲ್ಕು ಸಲವೂ ಏನೂ ಆಗದೆ ಬಂದರೆ ಊರಿನವರು ನಗುತ್ತಾರೆ. ನಗಲಿ ಬಿಡಿ. ನಾವು ಅದಕ್ಕೆ ನೆಂಟರ ಮನೆ ಊಟ ಅಂತ ಹೆಸರಿಟ್ಟುಕೊಂಡಿದ್ದೇವೆ.

## ಹಂತ 4: ಎಲ್ಲಿಗೆ, ಯಾವ ದಾರಿ

ಎರಡು ಜಾಗ ಗೊತ್ತು ಮಾಡಿ. ಮೊದಲನೆಯದು ನಡೆದು ಐದು ನಿಮಿಷದಲ್ಲಿ ತಲುಪುವಂಥದ್ದು, ಧರೆಯಿಂದಲೂ ಹಳ್ಳದಿಂದಲೂ ದೂರ ಇರುವ ಯಾರದಾದರೂ ಮನೆ. ಎರಡನೆಯದು ಎರಡು ಮೂರು ದಿನ ಇರಬಹುದಾದದ್ದು, ನೆಂಟರ ಮನೆ ಅಥವಾ ಸರ್ಕಾರ ತೆರೆಯುವ ಕಾಳಜಿ ಕೇಂದ್ರ. ನಿಮ್ಮ ಊರಿಗೆ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯುತ್ತಾರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಪಿಡಿಒ ಅಥವಾ ಗ್ರಾಮ ಆಡಳಿತ ಅಧಿಕಾರಿಯನ್ನು ಈಗಲೇ ಕೇಳಿ.

ದಾರಿಯನ್ನು ಒಮ್ಮೆ ನಡೆದು ನೋಡಿ. ಗುಡ್ಡ ಕಡಿದ ರಸ್ತೆ, ಮೋರಿ, ಕಾಲುಸಂಕ ಎಷ್ಟಿವೆ ಎಣಿಸಿ. ಆದಷ್ಟು ಅವನ್ನು ತಪ್ಪಿಸುವ ದಾರಿ ಹಿಡಿಯಿರಿ, ಸುತ್ತಾದರೂ ಪರವಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಾಗ ಮಣ್ಣು ರಸ್ತೆ ದಾಟಿ ಗಂಗಾವಳಿ ನದಿಗೇ ಇಳಿಯಿತು. ರಸ್ತೆ ಬದಿಯ ಚಹಾ ಅಂಗಡಿ ಹೋಯಿತು, ನಿಂತಿದ್ದ ಲಾರಿ ನದಿ ಸೇರಿತು. ಆಚೆ ದಡದ ಉಳುವರೆಯ ಮನೆಗಳಿಗೂ ನೀರಿನ ಅಲೆ ಬಡಿಯಿತು. ಗುಡ್ಡ ನಮ್ಮದಲ್ಲ, ಎದುರಿನದು ಅಂತ ಸುಮ್ಮನಿರುವ ಹಾಗಿಲ್ಲ. ಮಳೆ ಜೋರಿದ್ದಾಗ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವ ಅಭ್ಯಾಸವನ್ನೂ ಬಿಡಿ.

ಹರಿಯುವ ನೀರಿಗೆ ಇಳಿಯಬೇಡಿ. ಅರ್ಧ ಅಡಿ ನೀರು ರಭಸವಾಗಿದ್ದರೆ ಗಟ್ಟಿ ಆಳನ್ನೂ ಕೆಡವುತ್ತದೆ. ಎರಡು ಅಡಿ ಇದ್ದರೆ ಜೀಪನ್ನೂ ಎತ್ತಿಕೊಂಡು ಹೋಗಬಹುದು. ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಗೊತ್ತಾಗುವುದಿಲ್ಲ.

## ಹಂತ 5: ಯಾರ ಕೈಯಲ್ಲಿ ಏನು

ಹೆಸರು ಹಿಡಿದು ಬರೆಯಿರಿ. ಮೇನ್ ಸ್ವಿಚ್ಚು ಮತ್ತು ಇನ್ವರ್ಟರ್ ಆರಿಸುವವರು ಯಾರು? ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡುವವರು? ಕೊಟ್ಟಿಗೆಯಲ್ಲಿ ಕಣ್ಣಿ ಬಿಚ್ಚುವವರು? ಮಗುವನ್ನು ಎತ್ತಿಕೊಳ್ಳುವವರ ಕೈಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ.

ನಡೆಯಲಾಗದ ಹಿರಿಯರಿದ್ದರೆ ಅವರಿಗಾಗಿ ಗೆರೆಯನ್ನು ಇನ್ನೂ ಕೆಳಗೆ ಎಳೆಯಿರಿ. ಕಿತ್ತಳೆ ಎಚ್ಚರಿಕೆ ಬಂದ ದಿನವೇ ಅವರನ್ನು ಕಳಿಸಿಬಿಡುವುದು ಒಳ್ಳೆಯದು. ಆಗದಿದ್ದರೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊರಬಹುದು. ಕೆಸರಿನ ಕಾಲುದಾರಿಗೆ ಕಂಬಳಿ ಜೋಲಿಯೇ ವಾಸಿ.

ಜಾನುವಾರಿಗಾಗಿ ಹಿಂದೆ ಹೋಗಿ ಸಿಕ್ಕಿಹಾಕಿಕೊಳ್ಳುವವರು ಜಾಸ್ತಿ. ನಮ್ಮ ಅತ್ತೆಯೂ ಆ ರಾತ್ರಿ ಕರುವಿಗಾಗಿ ಎರಡು ಸಲ ಕೊಟ್ಟಿಗೆಗೆ ಹೋಗಿದ್ದರು. ಈಗ ಗೆರೆಯ ಹತ್ತಿರ ಬಂದ ಸಂಜೆಯೇ ದನಗಳನ್ನು ಮೇಲಿನ ಗದ್ದೆಯ ಶೆಡ್ಡಿಗೆ ಹೊಡೆಯುತ್ತೇವೆ. ಅಷ್ಟಕ್ಕೂ ಹೊತ್ತಿಲ್ಲವೆಂದರೆ ಕಣ್ಣಿ ಬಿಚ್ಚಿಬಿಡಿ, ನಾಯಿಯ ಚೈನ್ ತೆಗೆಯಿರಿ. ಅವು ದಾರಿ ನೋಡಿಕೊಳ್ಳುತ್ತವೆ.

## ಹಂತ 6: ಈಗ ಚೀಲ

ಒಬ್ಬರು ಒಂದು ಕೈಯಲ್ಲಿ ಹಿಡಿದು ನಡೆಯುವಷ್ಟೇ ತೂಕ. ಇನ್ನೊಂದು ಕೈಗೆ ಟಾರ್ಚು ಬೇಕು.

ದಿನಾ ತೆಗೆದುಕೊಳ್ಳುವ ಬಿಪಿ, ಶುಗರ್ ಮಾತ್ರೆ ಒಂದು ವಾರಕ್ಕಾಗುವಷ್ಟು, ಜೊತೆಗೆ ವೈದ್ಯರ ಚೀಟಿ. ಕನ್ನಡಕ. ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು. ಎರಡು ಲೀಟರ್ ಕುದಿಸಿದ ನೀರು. ಅವಲಕ್ಕಿ, ಬೆಲ್ಲ, ಹುರಿಗಡಲೆ. ಬಟ್ಟೆ, ಹೆಂಗಸರಿಗೆ ಪ್ಯಾಡ್. ಚಿಲ್ಲರೆ ಸಮೇತ ನಗದು, ಯಾಕಂದರೆ ನೆಟ್‌ವರ್ಕ್ ಇಲ್ಲದ ದಿನ ಫೋನಿನಲ್ಲಿ ದುಡ್ಡು ಕೊಡಲಾಗದು. ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್ಕು, ಮನೆ ಕಂದಾಯದ ರಸೀದಿ ಇವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಡಿಜಿಲಾಕರ್‌ನಲ್ಲಿ ಸಿಗುವುದನ್ನು ಅಲ್ಲೂ ಇಟ್ಟುಕೊಳ್ಳಿ.

ಮೇ ತಿಂಗಳಲ್ಲೇ ಮನೆಯ ನಾಲ್ಕೂ ಗೋಡೆ, ಕೊಟ್ಟಿಗೆ, ದನಗಳು, ಪಂಪ್‌ಸೆಟ್ಟು ಇವುಗಳ ಫೋಟೊ ತೆಗೆದು ದೂರದ ನೆಂಟರಿಗೆ ಕಳಿಸಿಡಿ. ಪರಿಹಾರದ ಅರ್ಜಿ ಹಾಕುವಾಗ ಮೊದಲು ಮನೆ ಹೇಗಿತ್ತು ಅಂತ ತೋರಿಸಲು ಇದೇ ಆಧಾರ.

ಚೀಲದ ಜಾಗ ಮುಂಬಾಗಿಲ ಪಕ್ಕದ ಗೂಟ. ಬೀರುವಿನ ಮೇಲೆ ಇಟ್ಟವರು ಮರೆತೇ ಹೋಗುತ್ತಾರೆ. ಪ್ರತಿ ತಿಂಗಳ ಒಂದನೇ ತಾರೀಖು ಮಾತ್ರೆಯ ದಿನಾಂಕ ನೋಡಿ.

## ಹಂತ 7: ಫೋನು ನಿಂತ ಮೇಲೆ

ಕರೆಂಟ್ ಹೋದ ಮೇಲೆ ಟವರ್ ಕೂಡ ಹೆಚ್ಚು ದಿನ ಬದುಕುವುದಿಲ್ಲ. ಆದ್ದರಿಂದ ಮುಖ್ಯ ನಂಬರುಗಳನ್ನು ಕಾಗದದ ಮೇಲೆ ಬರೆದು ಚೀಲದಲ್ಲಿ ಇಡಿ: 112 ಎಲ್ಲ ತುರ್ತಿಗೂ, 108 ಆಂಬ್ಯುಲೆನ್ಸ್, 1077 ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿ, 1912 ವಿದ್ಯುತ್, 1906 ಗ್ಯಾಸ್ ಸೋರಿಕೆ. 1077ರಲ್ಲಿ ಒಂದು ಕೊಕ್ಕೆ ಇದೆ. ಬೆಂಗಳೂರಿನಲ್ಲಿರುವ ಮಗ ಅದಕ್ಕೆ ಕರೆ ಮಾಡಿದರೆ ಅಲ್ಲಿನ ಕೊಠಡಿಗೇ ಹೋಗಬಹುದು. ನಿಮ್ಮ ಜಿಲ್ಲೆಯ ನಿಯಂತ್ರಣ ಕೊಠಡಿಯ ಲ್ಯಾಂಡ್‌ಲೈನ್ ನಂಬರನ್ನು ಕೋಡ್ ಸಮೇತ ಅವನಿಗೆ ಕೊಟ್ಟಿಡಿ.

ಬೇರೆ ಜಿಲ್ಲೆಯಲ್ಲಿರುವ ಒಬ್ಬ ನೆಂಟರನ್ನು ಸುದ್ದಿಯ ಕೊಂಡಿಯಾಗಿ ಇಟ್ಟುಕೊಳ್ಳಿ. ಮನೆಯವರು ಚದುರಿದರೆ ಎಲ್ಲರೂ ಅವರೊಬ್ಬರಿಗೇ ಎಸ್‌ಎಂಎಸ್ ಮಾಡುವುದು. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಎಷ್ಟೋ ಸಲ ಹೋಗುತ್ತದೆ. ಹಳೆಯ ಕೀಪ್ಯಾಡ್ ಮೊಬೈಲ್ ಒಂದನ್ನು ತುಂಬ ಚಾರ್ಜ್ ಮಾಡಿ ಆಫ್ ಮಾಡಿಡಿ.

## ಹಂತ 8: ಕತ್ತಲಲ್ಲಿ ಒಂದು ತಾಲೀಮು

ಮೇ ತಿಂಗಳ ಒಂದು ರಾತ್ರಿ ಊಟ ಆದ ಮೇಲೆ ಹೇಳದೆ ಮೇನ್ ಸ್ವಿಚ್ ಆರಿಸಿ, ಸೀಟಿ ಊದಿ. ಮೊದಲ ಜಾಗ ತಲುಪುವ ತನಕ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ನಮಗೆ ಮೊದಲ ಸಲ 23 ನಿಮಿಷ ಹಿಡಿಯಿತು. ಅದರಲ್ಲಿ ಒಂಬತ್ತು ನಿಮಿಷ ಹೋದದ್ದು ಜಗಲಿಯ ಗ್ರಿಲ್ ಬೀಗದ ಕೈ ಹುಡುಕುವುದಕ್ಕೆ. ಅದು ಮಾವನ ಅಂಗಿ ಜೇಬಿನಲ್ಲಿತ್ತು, ಅಂಗಿ ಒಗೆಯುವ ಬಟ್ಟೆಯ ಬುಟ್ಟಿಯಲ್ಲಿತ್ತು. ಈಗ ಬೀಗದ ಕೈ ಚೀಲದ ಗೂಟದಲ್ಲೇ ಇರುತ್ತದೆ. ಎರಡನೇ ಸಲ ಎಂಟು ನಿಮಿಷ.

ಬಾಗಿಲು ಯಾವುದು ಅಂತಲೂ ತಾಲೀಮಿನಲ್ಲೇ ಗೊತ್ತಾಗಬೇಕು. ಧರೆ ಹಿತ್ತಲಲ್ಲಿದ್ದರೆ ಹಿತ್ತಲ ಬಾಗಿಲ ಕಡೆ ಯಾರೂ ಹೋಗಬಾರದು. ಜೋರು ಮಳೆಯ ರಾತ್ರಿ ಮನೆಯಲ್ಲೇ ಮಲಗಲೇಬೇಕಾಗಿ ಬಂದರೆ ಧರೆಯ ಕಡೆಯ ಕೋಣೆ ಬಿಟ್ಟು ಎದುರು ಬದಿಯಲ್ಲಿ, ಮಹಡಿ ಇದ್ದರೆ ಮೇಲೆ ಮಲಗಿ. ಒಬ್ಬರು ಸರದಿಯ ಮೇಲೆ ಎಚ್ಚರ ಇರಬೇಕು.

## ಹೊತ್ತೇ ಸಿಗದಿದ್ದರೆ

ಚೀಲ, ಕಾಗದ ಎಲ್ಲ ಬಿಡಿ. ಮಣ್ಣು ಬರುವ ದಾರಿಯಲ್ಲಿ ಕೆಳಕ್ಕೆ ಓಡಬೇಡಿ, ಅದು ನಿಮಗಿಂತ ವೇಗ. ಅಡ್ಡಕ್ಕೆ ಓಡಿ, ಬದಿಯ ಎತ್ತರಕ್ಕೆ ಹೋಗಿ. ಹೊರಗೆ ಹೋಗಲಾಗದಿದ್ದರೆ ಧರೆಯಿಂದ ದೂರದ ಬದಿಯಲ್ಲಿ ಗಟ್ಟಿ ಮೇಜಿನ ಕೆಳಗೆ ಮುದುಡಿ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳಿ. ಸಿಕ್ಕಿಬಿದ್ದರೆ ಕೂಗಿ ದಣಿಯಬೇಡಿ, ಬಿಟ್ಟು ಬಿಟ್ಟು ಸೀಟಿ ಊದಿ.

## ವಾಪಸ್ ಬರುವಾಗ

ಮಳೆ ನಿಂತ ದಿನವೇ ಬರಬೇಡಿ. ನೆನೆದ ಗುಡ್ಡ ಬಿಸಿಲು ಬಂದ ಮೇಲೂ ಜಾರುತ್ತದೆ, ಒಮ್ಮೆ ಜಾರಿದ ಕಡೆ ಮತ್ತೆ ಜಾರುವುದು ಮಾಮೂಲು. ಹಗಲಿನಲ್ಲಿ ಇಬ್ಬರು ಬಂದು ಮೊದಲು ಗೂಟಗಳ ನಡುವಿನ ಅಳತೆ ನೋಡಿ. ಮಕ್ಕಳು ಆಮೇಲೆ ಬರಲಿ.

ಬಿದ್ದ ತಂತಿ ಕಂಡರೆ ದೂರ ನಿಂತು 1912ಕ್ಕೆ ಹೇಳಿ. ಮನೆಗೆ ನೀರು ನುಗ್ಗಿದ್ದರೆ ಎಲೆಕ್ಟ್ರಿಷಿಯನ್ ನೋಡುವ ತನಕ ಮೇನ್ ಹಾಕಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು ಹೊರಗೆ ಬನ್ನಿ. ಸೌದೆ ರಾಶಿ, ಹಾಸಿಗೆ, ಪಾತ್ರೆಗಳ ನಡುವೆ ಹಾವು ಸೇರಿರುತ್ತದೆ, ಕೋಲಿನಿಂದ ಕೆದಕಿ ನೋಡಿಯೇ ಕೈ ಹಾಕಿ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಹೋಗಿ. ಬಾವಿಗೆ ಕೆಸರು ನೀರು ಸೇರಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಬ್ಲೀಚಿಂಗ್ ಪೌಡರ್ ಹಾಕಿಸಿ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಬಳಸಿ.

ಮನೆ ತೊಳೆಯುವ ಮೊದಲು ಹಾನಿಯ ಫೋಟೊ ತೆಗೆಯಿರಿ. ಕೆಸರು ಬಳಿದು ಹಾಕಿದ ಮೇಲೆ ಸಮೀಕ್ಷೆಗೆ ಬಂದವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಆಮೇಲೆ ಚೀಲ ಬಿಚ್ಚಿ, ಒದ್ದೆಯಾದದ್ದನ್ನು ಒಣಗಿಸಿ, ಖರ್ಚಾದದ್ದನ್ನು ತುಂಬಿ ಮತ್ತೆ ಗೂಟಕ್ಕೆ ನೇತುಹಾಕಿ. ಪುಷ್ಯ ಮುಗಿದರೆ ಆಶ್ಲೇಷ ಮಳೆ ಇನ್ನೂ ಬಾಕಿ ಇರುತ್ತದೆ.